ಪೆಟ್ಟು ತಾಳದ ಬೇರಿಂಗ್

2004ರ ನವೆಂಬರ್ ಆರು, ಶನಿವಾರ ಬೆಳಗ್ಗೆ ಬಾಣಾವರ ಠಾಣೆಗೆ ಮುದ್ದಮ್ಮ ಬಂದಳು. ಜಾವಗಲ್ ರಸ್ತೆಯ ಇದ್ದಿಲು ಕಾರ್ಖಾನೆಯಲ್ಲಿ ಹಿಂದಿನ ದಿನ ಯಂತ್ರ ಸಿಡಿದು ಸತ್ತ ದೇವರಾಜನ ಹೆಂಡತಿ. ಹೆಣ ಇನ್ನೂ ಅರಸೀಕೆರೆಯ ಆಸ್ಪತ್ರೆಯಲ್ಲಿತ್ತು.

"ಕಾರ್ಖಾನೆಯವರು ಅಪಘಾತ ಅಂತ ವರದಿ ಕೊಟ್ಟಿದ್ದಾರಲ್ಲಮ್ಮ," ಎಂದರು ಸಬ್‌ಇನ್‌ಸ್ಪೆಕ್ಟರ್ ತಮ್ಮಯ್ಯ.

"ಅದ್ರಾಗೆ ಏನಂತ ಬರ್ದವ್ರೆ ಸಾರ್?"

"ಓಡೋ ಮಿಷನ್ನಿನ ಮುಚ್ಚಳ ತೆಗೆದ ಅಂತ."

"ನಮ್ ಯಜಮಾನ್ರು ಅದನ್ನ ಮುಟ್ಟೋರಲ್ಲ. ಸತ್ತೋರು ಸತ್ರು, ನಾನೇನೂ ಕೇಳಕಿಲ್ಲ. ತನ್ ತಪ್ಪಿಂದ್ಲೇ ಅಪ್ಪ ಸತ್ತ ಅಂತ ನನ್ ಮಗಳು ಕೇಳ್ಕಂಡು ಬೆಳೀಬಾರ್ದು. ಆ ಒಂದ್ ಮಾತು ತೆಗೀರಿ."

ಆ ವರದಿಯನ್ನು ಓದಿ, ಸರಿಯಿದೆ ಎಂದು ಫೈಲಿಗೆ ಸೇರಿಸಿದ್ದು ತಮ್ಮಯ್ಯನವರೇ. ಸ್ಥಳಕ್ಕೆ ಹೋಗಿರಲಿಲ್ಲ. ಅವರು ಮುದ್ದಮ್ಮನ ಮುಖ ನೋಡದೆ ದೂರು ಬರೆಸಿಕೊಂಡರು.

ಮಧ್ಯಾಹ್ನದ ಹೊತ್ತಿಗೆ ಅವರು, ಮಹಿಳಾ ಕಾನ್‌ಸ್ಟೆಬಲ್ ಆಶಾರಾಣಿ ಮತ್ತು ಇಬ್ಬರು ಪಂಚರು ಕಾರ್ಖಾನೆಯಲ್ಲಿದ್ದರು. ತೆಂಗಿನ ಚಿಪ್ಪನ್ನು ಸುಟ್ಟು, ಬಂದ ಇದ್ದಿಲನ್ನು ಆಸಿಡ್ಡಿನಲ್ಲಿ ತೊಳೆಯುತ್ತಾರೆ. ತೊಳೆದದ್ದನ್ನು ಕಬ್ಬಿಣದ ಬುಟ್ಟಿಗೆ ತುಂಬಿ ಗಿರ್ರನೆ ತಿರುಗಿಸಿದರೆ ನೀರು ಹಿಂಡಿ ಹೋಗುತ್ತದೆ. ಆ ಬುಟ್ಟಿಯೇ ಕಿತ್ತು ಬಂದು ದೇವರಾಜನ ಎದೆಗೆ ಬಡಿದಿತ್ತು. ಮೇಲ್ವಿಚಾರಕ ನಂದಕಿಶೋರ್, ಡಿಪ್ಲೊಮಾ ಓದಿದ ಮೂವತ್ತರ ಆಸುಪಾಸಿನ ಯುವಕ, ಕೈ ಕಟ್ಟಿಕೊಂಡು ದೂರದಲ್ಲಿ ನಿಂತಿದ್ದ.

ಪಂಚನಾಮೆ ಶುರುವಾಯಿತು. ಮುಚ್ಚಳದ ಬೋಲ್ಟುಗಳನ್ನು ಯಾರೂ ಬಿಚ್ಚಿರಲಿಲ್ಲ. ಬುಟ್ಟಿಯ ಹೊಡೆತಕ್ಕೆ ಅವು ಬುಡಸಮೇತ ಕಿತ್ತು ಬಂದಿದ್ದವು. ತಮ್ಮಯ್ಯ ಒಂದೊಂದನ್ನೂ ಬೆರಳಿಂದ ಮುಟ್ಟಿ ನೋಡಿದರು.

"ಮುಚ್ಚಳ ತೆಗೆದ ಅಂತ ವರದಿ ಬರೆದದ್ದು ಯಾರ್ರೀ?"

"ನಾನೇ ಸರ್. ಮಾಲೀಕರು ಸಹಿ ಹಾಕಿದರು."

"ನೀವು ನೋಡಿದ್ರಾ?"

ನಂದಕಿಶೋರ್ ಕಿತ್ತ ಬೋಲ್ಟುಗಳ ಕಡೆ ನೋಡಿದ.

ಆಶಾರಾಣಿ ಯಂತ್ರದ ಕಾಲಿನ ಹತ್ತಿರ ಕುಕ್ಕರಗಾಲಲ್ಲಿ ಕೂತಿದ್ದಳು. ಅಲ್ಲಿ ಗೋಡೆ, ನೆಲ, ಜನರ ರೆಪ್ಪೆಯವರೆಗೂ ಎಲ್ಲ ಕಪ್ಪು. ಬುಟ್ಟಿಯ ಅಚ್ಚನ್ನು ಹಿಡಿಯುವ ಬೇರಿಂಗ್ ಮಾತ್ರ ಹೊಸ ಗ್ರೀಸು ಹಚ್ಚಿಕೊಂಡು ಹೊಳೆಯುತ್ತಿತ್ತು. ಕೆಳಗಿನ ಚರಂಡಿಯಲ್ಲಿ ಒಂದು ಬಿಳಿಯ ಚೂರು ಸಿಕ್ಕಿತು. ಬಾಗಿದ ಅಂಚು, ಒಳಮೈಯಲ್ಲಿ ನುಣ್ಣನೆಯ ತೋಡು.

"ಟೀ ಕಪ್ಪಿನದಿರಬೇಕು," ಎಂದ ನಂದಕಿಶೋರ್, ಯಾರೂ ಕೇಳುವ ಮೊದಲೇ.

"ಇಲ್ಲಿ ಎಲ್ಲರೂ ಸ್ಟೀಲ್ ಲೋಟದಲ್ಲಿ ಕುಡೀತಾರೆ ಸರ್," ಎಂದು ಆಶಾರಾಣಿ ಮೆಲ್ಲಗೆ ಹೇಳಿದಳು.

ಚಿಪ್ಪಿನಲ್ಲಿ ಸೇರಿದ ಮೊಳೆ ಆರಿಸಲು ಅಲ್ಲೊಂದು ಆಯಸ್ಕಾಂತವಿತ್ತು. ಹೊಳೆಯುವ ಬೇರಿಂಗಿಗೆ ಅದು ಟಕ್ಕನೆ ಅಂಟಿತು. ಬಿಳಿ ಚೂರನ್ನು ಸೆಳೆಯಲಿಲ್ಲ. ಎರಡನ್ನೂ ಪಂಚರ ಮುಂದೆ ಜಪ್ತಿ ಮಾಡಿದರು. ಸಂಜೆ ನಿರ್ಲಕ್ಷ್ಯದಿಂದಾದ ಸಾವು ಎಂದು, ಕಲಂ 304-ಎ ಅಡಿಯಲ್ಲಿ ಎಫ್‌ಐಆರ್ ದಾಖಲಾಯಿತು.

ಸೋಮವಾರ ತಮ್ಮಯ್ಯ ಕಾರ್ಖಾನೆಯ ಬಿಲ್ಲುಗಳಲ್ಲಿ ಹೆಸರು ನೋಡಿ, ಬೇರಿಂಗ್ ಮಾರಿದ ಬೆಂಗಳೂರಿನ ಅಂಗಡಿಗೆ ಫೋನ್ ಮಾಡಿದರು.

"ಸೆರಾಮಿಕ್‌ದು ಸಾರ್, ಬಿಳಿ ಪಿಂಗಾಣಿ ಥರದ್ದು. ಕಬ್ಬಿಣದ ಬೇರಿಂಗ್ ಆಸಿಡ್ ಹಬೆಗೆ ತುಕ್ಕು ಹಿಡಿದು ಹೋಗ್ತಿತ್ತಂತೆ, ಅದಕ್ಕೇ ಅವರ ಮೇಲ್ವಿಚಾರಕರು ಕೇಳಿಕೊಂಡು ಬಂದರು," ಎಂದ ಅಂಗಡಿಯವನು. "ಎರಡು ಥರ ಬರುತ್ತೆ. ಒಂದರಲ್ಲಿ ಗುಂಡು ಮಾತ್ರ ಸೆರಾಮಿಕ್, ರಿಂಗು ಸ್ಟೀಲು. ವೇಗಕ್ಕೆ ಅದು ಚೆನ್ನ, ಆದರೆ ಆಸಿಡ್ಡಿಗೆ ರಿಂಗು ಹಾಳಾಗುತ್ತೆ. ಇನ್ನೊಂದು ಪೂರ್ತಿ ಸೆರಾಮಿಕ್. ಅವರ ಆಸಿಡ್ಡಿಗೆ ಅಂಜಲ್ಲ, ಆದರೆ ಅಷ್ಟು ವೇಗ ತಡೆಯಲ್ಲ."

"ಯಾವುದು ತಗೊಂಡರು?"

"ಪೂರ್ತಿ ಸೆರಾಮಿಕ್, ಈ ಆಯುಧಪೂಜೆಗೆ ಸ್ವಲ್ಪ ಮುಂಚೆ. ಪುಲ್ಲಿ ಬದಲಾಯಿಸಿ ವೇಗ ಇಳಿಸ್ತೀನಿ ಅಂದರು, ಇಳಿಸಿದರು ಕೂಡ. ಒಂದೇ ಮಾತು ನಾನು ಒತ್ತಿ ಹೇಳಿದ್ದು ಸಾರ್, ಇದಕ್ಕೆ ಪೆಟ್ಟು ಬೀಳಬಾರದು. ತುಕ್ಕು ಹಿಡಿಯಲ್ಲ, ಆದರೆ ಬಿರುಕು ಬಿಡುತ್ತೆ."

ಹಾಗಾದರೆ ಪೆಟ್ಟು ಕೊಟ್ಟವರು ಯಾರು? ಆಶಾರಾಣಿ ಮತ್ತೆ ಕಾರ್ಖಾನೆಗೆ ಹೋದಳು. ಇದ್ದಿಲು ಗುಡಿಸುವ ಗಿಡ್ಡಮ್ಮ ಪೊರಕೆ ಕೆಳಗಿಟ್ಟಳು.

"ಖಾಕಿ ಹಾಕ್ಕಂಡು ಬಂದಿದ್ದು ಒಳ್ಳೇದಾಯ್ತು ಕಣವ್ವ. ಹಸಿರು ಸೀರೆ ಉಟ್ಕಂಡು ಬಂದೋಳೂ ಸಂಜೆಗೆ ಎಮ್ಮೆ ಬಣ್ಣ ಆಯ್ತಾಳೆ ಇಲ್ಲಿ."

"ಮಿಷನ್ನಿಗೆ ಯಾರಾದ್ರೂ ಸುತ್ತಿಗೆಯಲ್ಲಿ ಹೊಡೆದ್ರಾ ಅಜ್ಜಿ?"

"ಸುತ್ತಿಗೆನಾ? ಅಯ್ಯೋ, ಆ ಮಿಷನ್ನು ದೇವ್ರಿದ್ದಂಗೆ. ಶುಕ್ರವಾರ ಪೂಜೆ ಆಗದೆ ಅದನ್ನ ತಿರುಗ್ಸಂಗಿಲ್ಲ."

"ಪೂಜೆ ಹೇಗೆ ಮಾಡ್ತಾರೆ?"

"ಕುಂಕುಮ ಇಟ್ಟು, ಅದರ ಕಾಲ್ ಮೇಲೆ, ಅಗೋ ಆ ಕಬ್ಬಿಣದ ಗಡ್ಡೆ ಮೇಲೆ, ಕಾಯಿ ಒಡೀತಾರೆ. ಮೊದ್ಲೆಲ್ಲ ಮಾಲೀಕರ ಕಡೆಯೋರೇ ಒಡೀತಿದ್ರು. ಈ ಆಯುಧಪೂಜೆಲಿ, 'ಇನ್ಮೇಲೆ ದೇವರಾಜನೇ ಒಡೀಲಿ, ಅವ್ನ ಮಿಷನ್ನು' ಅಂದ್ರು." ಗಿಡ್ಡಮ್ಮ ದನಿ ತಗ್ಗಿಸಿದಳು. "ನಮ್ ಕೇರಿಯೋನ ಕೈಲಿ ಕಾಯಿ ಒಡ್ಸಿದ್ದು ಅದೇ ಮೊದ್ಲು ಕಣವ್ವ. ಏನ್ ಜೋರಾಗ್ ಒಡೀತಿದ್ದ ಅಂತೀಯ! ಒಂದೇ ಏಟಿಗೆ ಹೋಳಾಗ್ಬೇಕು ಅವ್ನಿಗೆ."

ಜಪ್ತಿ ಮಾಡುವ ಮೊದಲು ಬೇರಿಂಗ್ ಕೂತಿದ್ದದ್ದು ಗಿಡ್ಡಮ್ಮ ತೋರಿಸಿದ ಆ ಕಬ್ಬಿಣದ ಗಡ್ಡೆಯೊಳಗೇ.

ಅದೇ ಸಂಜೆ ನಂದಕಿಶೋರನನ್ನು ಠಾಣೆಗೆ ಕರೆಸಿದರು.

"ಕಾಯಿ ಒಡೆಯುವಾಗ ನೀವೆಲ್ಲಿದ್ರಿ?"

"ಪಕ್ಕದಲ್ಲೇ ಸರ್."

"ಬಿರುಕು ಬಿಡುತ್ತೆ ಅಂತ ಗೊತ್ತಿತ್ತಾ?"

"ಗೊತ್ತಿತ್ತು."

"ಅವನಿಗೆ ಯಾಕೆ ಹೇಳಲಿಲ್ಲ?"

ನಂದಕಿಶೋರ್ ಮೇಜಿನ ಅಂಚನ್ನು ಉಜ್ಜಿದ.

"ನಮ್ಮದು ಹಳೇಬೀಡಿನ ಕಡೆ, ಅರ್ಚಕರ ಮನೆತನ ಸರ್. ನಮ್ಮ ತಾತ ಅವರ ಕೇರಿಯವರನ್ನ ಗುಡಿಯ ಮೆಟ್ಟಿಲು ಹತ್ತಿಸ್ತಿರಲಿಲ್ಲ. ಅವತ್ತು ದೇವರಾಜ ಸ್ನಾನ ಮಾಡಿ, ಬಿಳಿ ಷರಟು ಹಾಕಿಕೊಂಡು ಬಂದಿದ್ದ. ಎಲ್ಲರೂ ನೋಡ್ತಿದ್ದರು. ನೀನು ಕಾಯಿ ಒಡೀಬೇಡ ಅಂತ ನಾನು, ನಾನೇ, ಹೇಗೆ ಹೇಳಲಿ? ಬೇರಿಂಗ್ ಅಂದರೆ ಯಾರು ನಂಬ್ತಾರೆ? ಕಲ್ಲಿನ ಮೇಲೆ ಒಡಿ ಅಂದರೂ ದೂರ ಇಟ್ಟ ಅಂತಲೇ ಆಗ್ತಿತ್ತು. ಪ್ರತಿ ಶುಕ್ರವಾರ, ಮುಂದಿನ ವಾರ ಹೇಳೋಣ ಅಂದುಕೊಂಡೆ."

"ಸತ್ತ ಮೇಲೆ ಕಬ್ಬಿಣದ್ದು ಯಾಕೆ ಹಾಕಿದ್ರಿ?"

"ಹೆದರಿಕೆ ಸರ್. ಚೂರುಗಳನ್ನ ಆಸಿಡ್ ಗುಂಡಿಗೆ ಹಾಕಿದೆ. ಒಂದು ಉಳಿದಿದ್ದು ಗೊತ್ತಾಗಲಿಲ್ಲ."

"ಅವನಿಗೆ ಅವಮಾನ ಆಗಬಾರದು ಅಂತ ಸುಮ್ಮನಿದ್ದೋರು, ಸತ್ತವನ ತಲೆಗೆ ತಪ್ಪು ಕಟ್ಟಿದ್ರಿ."

ನಂದಕಿಶೋರ್ ಅಳಲಿಲ್ಲ. ತಲೆ ಬಗ್ಗಿಸಿ, "ಹೌದು ಸರ್," ಎಂದ. ಸಾಕ್ಷ್ಯನಾಶದ ಕಲಂ 201 ಸೇರಿಸಿ ರಾತ್ರಿಯಾಗುವ ಮೊದಲು ಅವನನ್ನು ಬಂಧಿಸಿದರು.

ಮರುದಿನ ಮುದ್ದಮ್ಮ ಬಂದಾಗ ತಮ್ಮಯ್ಯ, "ನಿನ್ನ ಗಂಡನ ತಪ್ಪೇನೂ ಇರಲಿಲ್ಲಮ್ಮ. ವರದಿ ಸುಳ್ಳು ಅಂತ ದಾಖಲಾಗಿದೆ," ಎಂದರು. ಕಾಯಿಯ ವಿಷಯ ಹೇಳದೆ ಬಿಡಬಹುದೇ ಎಂದು ಅವರು ಯೋಚಿಸುತ್ತಿದ್ದರು. ಆದರೆ ಮುದ್ದಮ್ಮ, "ಮತ್ತೆ ಯಾಕ್ ಸಿಡೀತು?" ಎಂದು ಕೇಳಿದಳು. ಇವತ್ತಲ್ಲ ನಾಳೆ ಕೋರ್ಟಿನಲ್ಲಿ ಕೇಳುವ ಮಾತು. ಅವರು ಎಲ್ಲವನ್ನೂ ಹೇಳಿದರು.

ನ್ಯಾಯಾಲಯಕ್ಕೆ ಒಯ್ಯಲು ನಂದಕಿಶೋರನನ್ನು ಆಗ ಹೊರಗೆ ಕರೆತರುತ್ತಿದ್ದರು. ಮುದ್ದಮ್ಮ ಎದ್ದು ಅವನ ಎದುರು ನಿಂತಳು. ಆಶಾರಾಣಿ ತಡೆಯಲು ಹೆಜ್ಜೆಯಿಟ್ಟು ನಿಂತುಬಿಟ್ಟಳು. ಅಲ್ಲಿ ಬೈಗುಳವೇನೂ ಬರಲಿಲ್ಲ.

"ಬ್ಯಾಡ ಅಂದಿದ್ರೆ ಅವ್ರಿಗೆ ಬೇಜಾರಾಗ್ತಿತ್ತು ಸಾಮಿ," ಎಂದಳು ಮುದ್ದಮ್ಮ. "ಭಾಳ ಬೇಜಾರಾಗ್ತಿತ್ತು. ನಿಮ್ಮನ್ನ ಬೈಕಂಡು, ಉಣ್ಣದೆ ಮಲಗೋರು. ಬೆಳಿಗ್ಗೆ ಎದ್ದು ಕೆಲ್ಸಕ್ಕೆ ಬರೋರು."

ನಂದಕಿಶೋರ್ ತಾನೇ ಹೋಗಿ ಜೀಪು ಹತ್ತಿದ. ಜೀಪು ಹೊರಟ ಮೇಲೆ ತಮ್ಮಯ್ಯ ಕೇಸ್ ಡೈರಿಯಲ್ಲಿ ಬರೆದರು: ಆರೋಪಿಗೆ ಮೃತನ ಮೇಲೆ ದ್ವೇಷವಿರಲಿಲ್ಲ. ಜನ ತನ್ನನ್ನು ಕೆಟ್ಟವನೆಂದುಕೊಂಡಾರೆಂಬ ಭಯವಿತ್ತು.