ಕಾರಿನಡಿಯ ಮಾತು

ಡೈರಿಗೆ ಹಾಲು ಕೊಟ್ಟು ಬಂದ ಅಪ್ಪಿಗೆ ಮೊದಲು ಕಂಡದ್ದು ಗಂಡನ ಪಾದಗಳು. ಕಾರಿನಡಿಯಿಂದ ಹೊರಗೆ ಚಾಚಿದ್ದವು. ಜಾಕಿ ಇಳಿದಿತ್ತು. ಕಾರು ತ್ಯಾಂಪಣ್ಣನ ಎದೆಯ ಮೇಲೆ ಕೂತಿತ್ತು.

ಕಾಲು ಹಿಡಿದು ಎಳೆದಳು, ಕೈಗೆಲ್ಲ ಆಯಿಲ್ ಮೆತ್ತಿತು. ಅವಳ ಕೂಗಿಗೆ ಪಕ್ಕದ ಮನೆಯ ಲತೀಶ್ ಓಡಿಬಂದ. ರಸ್ತೆಯಲ್ಲಿದ್ದ ನಾಲ್ವರನ್ನು ಕರೆದು ಕಾರು ಎತ್ತಿಸಿದ. ಜೀವ ಆಗಲೇ ಹೋಗಿತ್ತು.

ಎಸ್‌ಐ ಸುಪ್ರಿತಾ ಠಾಣೆಯಿಂದ ಬೆಟ್ಟಂಪಾಡಿಗೆ ತಲುಪಿದಾಗ ಒಂಬತ್ತು ಗಂಟೆ. ನೆಲದಲ್ಲಿ ಬಗ್ಗಿದ ಟ್ರೇ, ಚೆಲ್ಲಿದ ಕಪ್ಪು ಆಯಿಲ್, ಪೆಟ್ಟಿಗೆಯಲ್ಲೇ ಉಳಿದ ಹೊಸ ಫಿಲ್ಟರ್.

"ಆಯಿಲ್ ಯಾವಾಗಲೂ ಇವರೇ ಬದಲಿಸುದಾ?"

"ಹೌದು ಮೇಡಂ," ಎಂದಳು ಅಪ್ಪಿ. "ಬಿಸಿ ಇದ್ದರೆ ಹಳೇ ಆಯಿಲ್ ಪೂರ್ತಿ ಇಳಿಯುತ್ತದೆ ಅಂತ ಒಂದು ಸುತ್ತು ಹೋಗಿ ಬರುದು. ಇವತ್ತೂ ಹಾಗೆಯೇ. ಏಳಕ್ಕೆ ಬೋಲ್ಟ್ ಬಿಚ್ಚಲು ಕಾರಿನಡಿಗೆ ಹೋದರು, ನಾನು ಹೊರಟೆ. ಬರುವಾಗ ಎಂಟೂಕಾಲು."

ಗೋಡೆಯ ಬದಿಯಲ್ಲಿ ಒಂದು ಮರದ ದಿಮ್ಮಿ ಇತ್ತು.

"ಅದು ಎಂತಕ್ಕೆ?"

"ಜಾಕಿ ಜಾರಿದರೆ ಅಂತ ಕಾರಿನಡಿಗೆ ಕೊಡುದು. ನಾನು ಹೋಗುವಾಗ ಅಡಿಯಲ್ಲೇ ಇತ್ತು."

*

ಜಾಕಿ ಅಪ್ಪಿಯ ತಮ್ಮ ಸೂರಜನದು. ಹೋದ ವಾರವಷ್ಟೇ ಅವನು ಭಾವನ ಕುತ್ತಿಗೆಪಟ್ಟಿ ಹಿಡಿದಿದ್ದ. ಕೆಟ್ಟ ಜಾಕಿಯನ್ನು ಬೇಕೆಂದೇ ಕೊಟ್ಟನೇ?

ಪುತ್ತೂರಿನ ಮೆಕ್ಯಾನಿಕ್ ಅಬ್ದುಲ್ ರಹ್ಮಾನ್ ಅದೇ ಜಾಕಿಯಲ್ಲಿ ಕಾರನ್ನು ಒಂದು ಗಂಟೆ ನಿಲ್ಲಿಸಿ ತೋರಿಸಿದ. ಕೂದಲೆಳೆಯಷ್ಟೂ ಇಳಿಯಲಿಲ್ಲ.

"ಇದನ್ನು ಇಳಿಸುವ ತಿರುಪನ್ನು ಯಾರೋ ಬಿಚ್ಚಿದ್ದಾರೆ ಮೇಡಂ. ಅಡಿಯಲ್ಲಿ ಮಲಗಿದವನ ಕೈಗೆ ಅದು ಎಟಕುದಿಲ್ಲ."

ಸೂರಜ್ ಹಿಂದಿನ ದಿನದಿಂದ ಆಲೆಟ್ಟಿಯ ಮದುವೆ ಮನೆಯಲ್ಲಿದ್ದ. ಬೆಳಗ್ಗಿನ ಫೋಟೋಗಳಲ್ಲೆಲ್ಲ ಅವನಿದ್ದ.

ಸುಪ್ರಿತಾ ಠಾಣೆಯ ಹಳೇ ಕಡತ ತೆಗೆಸಿದರು. ಎರಡು ವರ್ಷದ ಹಿಂದೆ ಇದೇ ಕಾರಿಗೆ ಸಿಕ್ಕಿ ಒಂದು ಮಗು ಸತ್ತಿತ್ತು. ಪ್ರೀತಿಕಾ, ಆರು ವರ್ಷ. ಲತೀಶನ ಒಬ್ಬಳೇ ಮಗಳು. ಮಗುವೇ ಅಡ್ಡ ಓಡಿತು ಎಂದು ತ್ಯಾಂಪಣ್ಣ ಹೇಳಿದ್ದ. ಕೇಸು ಅಲ್ಲಿಗೇ ಮುಗಿದಿತ್ತು.

*

ಮರುದಿನ ಲತೀಶ್ ಅಪ್ಪಿಯ ಜಗಲಿಯಲ್ಲೇ ಸಿಕ್ಕಿದ. ಕುಂಟುತ್ತಿದ್ದ.

"ಕಾಲಿಗೆ ಎಂತ ಆಯಿತು?"

"ಕಾರು ಎತ್ತುವಾಗ ಆಯಿಲ್ ತಾಗಿತು ಮೇಡಂ."

ಸುಪ್ರಿತಾ ಬಗ್ಗಿ ನೋಡಿದರು. ಪಾದದ ತುಂಬ ಸುಟ್ಟ ಗುಳ್ಳೆಗಳು.

"ಅಪ್ಪಿಯವರೇ, ನಿನ್ನೆ ನೀವು ಗಂಡನನ್ನು ಎಳೆಯಲು ಹೋದಾಗ ನಿಮ್ಮ ಕೈಗೂ ಆಯಿಲ್ ತಾಗಿತ್ತಲ್ಲ. ಸುಟ್ಟಿತಾ?"

"ಇಲ್ಲ. ತಣ್ಣಗಿತ್ತು."

"ಲತೀಶ್, ನೀನು ಬಂದದ್ದು ಇವರ ನಂತರ. ಇವರ ಕೈ ಸುಡದ ಆಯಿಲ್ ನಿನ್ನ ಕಾಲು ಸುಟ್ಟದ್ದು ಹೇಗೆ? ಬೋಲ್ಟ್ ಬಿಚ್ಚಿದ ಸ್ವಲ್ಪ ಹೊತ್ತು ಮಾತ್ರ ಅದು ಸುಡುವಷ್ಟು ಬಿಸಿ. ಕಾರು ಇಳಿದು ಟ್ರೇ ಬಗ್ಗಿದಾಗ ಅದು ಚಿಮ್ಮಿತು. ಆಗ ನೀನು ಜಾಕಿಯ ಹತ್ತಿರ ನಿಂತಿದ್ದೆ. ದಿಮ್ಮಿ ಎಳೆದವನೂ ನೀನೇ."

ಲತೀಶ್ ಸುಟ್ಟ ಕಾಲನ್ನು ಹಿಂದಕ್ಕೆ ಎಳೆದುಕೊಂಡ.

"ಮೊದಲು ದಿಮ್ಮಿ ಎಳೆದೆ. ಜಾಕಿಯ ತಿರುಪು ಹಿಡಿದು ಕೇಳಿದೆ, ನನ್ನ ಮಗು ಸತ್ತದ್ದು ಹೇಗೆ, ನಿಜ ಹೇಳು ಅಂತ. ಹೇಳಿದ. ಮೊಬೈಲ್ ನೋಡ್ತಾ ಇದ್ದನಂತೆ. ಮಗು ರಸ್ತೆಯ ಬದಿಯಲ್ಲೇ ನಿಂತಿತ್ತಂತೆ."

"ಹೇಳಿದ ಮೇಲೂ ಕೊಂದೆಯಾ?"

"ಹೇಳಿದ ಮೇಲೇ ತಿರುಗಿಸಿದ್ದು. ಎರಡು ವರ್ಷ ಅದೇ ಬಾಯಿ ನನ್ನ ಮಗುವಿನ ಮೇಲೆ ತಪ್ಪು ಹೊರಿಸಿತ್ತು."

ಸುಪ್ರಿತಾ ಅವನನ್ನು ಜೀಪಿನ ಕಡೆ ನಡೆಸಿದರು. ಅಪ್ಪಿ ಮೆಟ್ಟಿಲಿಳಿದು ಅಡ್ಡ ಬಂದಳು.

"ಲತೀಶ, ಆ ದಿನ ನಾನು ಪಕ್ಕದ ಸೀಟಿನಲ್ಲಿದ್ದೆ. ಎಲ್ಲ ನೋಡಿಯೂ ಯಾರಿಗೂ ಹೇಳಲಿಲ್ಲ."

ಲತೀಶ್ ನಿಂತ. ಅವಳ ಕಡೆಗೆ ಒಂದು ಹೆಜ್ಜೆ ಇಟ್ಟು ತಡೆದುಕೊಂಡ.

"ನನ್ನನ್ನು ಬೇಗ ಕರಕೊಂಡು ಹೋಗಿ ಮೇಡಂ," ಎಂದ.