ಕಾಟ ತಪ್ಪಿಸುವ ಕಚೇರಿ

ಕೆಲಸ ಹೋದದ್ದಕ್ಕಿಂತ, ಅದು ಒಬ್ಬ ಹೆಂಗಸಿನ ಮಾತಿಗೆ ಹೋಯಿತಲ್ಲ ಎಂಬುದೇ ಗವಿಸಿದ್ದಪ್ಪನನ್ನು ಕೊರೆಯುತ್ತಿತ್ತು. ಬಳ್ಳಾರಿಯ ಮಿಕ್ಸರ್ ಏಜೆನ್ಸಿಯೊಂದರಲ್ಲಿ, ಫೋನಿದ್ದ ಮನೆಗಳಿಗೆಲ್ಲ ಫೋನು ಹಚ್ಚಿ ಮಾಲು ಕೊಳ್ಳಿರೆಂದು ಗಂಟು ಬೀಳುವುದು ಅವನ ಕೆಲಸ. ಗಾಂಧಿನಗರದ ಕೊಟ್ರಬಸಮ್ಮ ಬೇಡವೆಂದು ಹೇಳಿ ಹೇಳಿ ಸಾಕಾಗಿ, ಕೊನೆಗೆ ಮಾಲೀಕನಿಗೇ ಹೇಳಿದಳು: "ಬಳಕೆದಾರರ ಕಾಯ್ದೆ ಬಂದೈತಿ ಅಂತ ಪೇಪರಿನ್ಯಾಗ ಓದೀನಿ. ಇನ್ನೊಮ್ಮೆ ಫೋನ್ ಬಂದ್ರ ಕೋರ್ಟಿಗೆ ಎಳಿತೀನಿ ನೋಡ್ರಿ."

ಎಂಬತ್ತೇಳನೆಯ ಇಸವಿ. ಕಾಯ್ದೆ ಹೊಸತು, ಅದರಲ್ಲಿ ಏನಿದೆಯೆಂದು ಯಾರಿಗೂ ಸರಿಯಾಗಿ ತಿಳಿಯದು. ಮಾಲೀಕ ಹೆದರಿ ಗವಿಸಿದ್ದಪ್ಪನನ್ನು ಕೆಲಸದಿಂದ ಬಿಡಿಸಿದ. ಆಮೇಲೆ ವ್ಯಾಪಾರವೂ ನೆಲಕಚ್ಚಿ, ಕೋಣೆಗೆ ಬೀಗ ಜಡಿದು ಗುಂತಕಲ್ಲಿಗೆ ಹೋದ. ಇನ್ನೊಂದು ಬೀಗದ ಕೈ ಗವಿಸಿದ್ದಪ್ಪನ ಹತ್ತಿರವೇ ಉಳಿದಿತ್ತು. ಫೋನಿನಲ್ಲಿ ಇನ್ನೂ ಜೀವ ಇತ್ತು.

ತನ್ನೂರು ಕುರುಗೋಡಿಗೆ ಬರಿಗೈಲಿ ಹೋಗಿ ಅಣ್ಣನ ಮುಂದೆ ಕೈಕಟ್ಟಿ ನಿಲ್ಲಲು ಅವನಿಗೆ ಮನಸ್ಸಿಲ್ಲ. ಹೋದರೆ ಅಲ್ಲಿಯ ಬಸ್ ಸ್ಟ್ಯಾಂಡಿನ ಹತ್ತಿರ ಸ್ವಂತದ ರೇಡಿಯೋ ಅಂಗಡಿ ಹಾಕಬೇಕು, ಅದೂ ಆ ಹೆಂಗಸಿನ ದುಡ್ಡಿನಿಂದಲೇ. ಯಾವ ಕಾಯ್ದೆ ತನ್ನ ಅನ್ನ ಕಿತ್ತುಕೊಂಡಿತೋ ಅದೇ ಕಾಯ್ದೆ ಅನ್ನ ಹಾಕಲಿ. ಮುಳ್ಳನ್ನು ಮುಳ್ಳಿನಿಂದಲೇ ತೆಗೆಯಬೇಕಲ್ಲವೇ?

ಮೊದಲು ಕಾಟ, ಆಮೇಲೆ ರಕ್ಷಣೆ. ಬೀಗ ತೆಗೆದು ಆ ಕೋಣೆಯ ಫೋನಿನಿಂದಲೇ ಅವಳಿಗೆ ಒಂದು ದಿನ ತೆಲುಗು ಬೆರೆಸಿ ಶೇಂಗಾ ಎಣ್ಣೆ ಮಾರುವವನಾದ. ಮತ್ತೊಂದು ದಿನ ಕೀರಲು ದನಿಯಲ್ಲಿ ಸೀರೆ ಮಾರುವವನಾದ. ಕೊಟ್ರಬಸಮ್ಮನ ಗಂಡ ಸಿರುಗುಪ್ಪದಲ್ಲಿ ಅಕ್ಕಿ ಮಿಲ್ಲು ನಡೆಸುತ್ತಿದ್ದ. ಎದೆನೋವಿನ ಮನುಷ್ಯ. ಅವನ ಸುದ್ದಿಗೆಂದೇ ಆ ಮನೆಗೆ ಫೋನು ಬಂದದ್ದು. ಗಂಟೆ ಬಾರಿಸಿದರೆ ಅವಳು ಎಲ್ಲಿದ್ದರೂ ಓಡಿ ಬರುತ್ತಿದ್ದಳು. ಆ ಏದುಸಿರು ಕೇಳಿದಾಗ ಗವಿಸಿದ್ದಪ್ಪನಿಗೆ ಒಳಗೊಳಗೇ ಹಿತವಾಗುತ್ತಿತ್ತು.

ಎಚ್ಚರಿಕೆಗೆ ಕಡಿಮೆಯಿರಲಿಲ್ಲ. ಬಸ್ಸಿನ ಹಾರನ್ನು ಕೇಳಬಾರದೆಂದು ಕಿಟಕಿ ಮುಚ್ಚಿದ. ಟಿಕ್ ಟಿಕ್ ಎನ್ನುವ ಗಡಿಯಾರ ನಿಲ್ಲಿಸಿದ. ಫೋನಿನ ಬಾಯಿಗೆ ಕರವಸ್ತ್ರ ಕಟ್ಟಿದ. ಆದರೂ ಕೂತಲ್ಲಿ ಕೂರಲಾರ, ನಿಂತಲ್ಲಿ ನಿಲ್ಲಲಾರ. ಹೊಟ್ಟೆ ಹಸಿದರೆ ಮಾತ್ರ ಹೊರಗೆ ಬಂದು, ಗೋಡೆಗೆ ಗೋಡೆ ಹತ್ತಿದ ಸುಂಕಲಮ್ಮನ ಖಾನಾವಳಿಗೆ ಹೋಗುತ್ತಿದ್ದ. ಆರು ವರ್ಷದಿಂದ ಅವಳ ಬಿಸಿ ರೊಟ್ಟಿ, ಪುಂಡಿಪಲ್ಯವೇ ಅವನ ಊಟ.

ಕೊನೆಗೊಂದು ಮಧ್ಯಾಹ್ನ ದನಿ ಗಡಸು ಮಾಡಿಕೊಂಡು ಅಚ್ಚ ಪುಸ್ತಕದ ಕನ್ನಡದಲ್ಲಿ ಹೇಳಿದ: "ಬಳಕೆದಾರರ ರಕ್ಷಣಾ ಕಚೇರಿಯಿಂದ ಮಾತನಾಡುತ್ತಿದ್ದೇನೆ. ಬೇಡದ ಫೋನುಗಳಿಂದ ನಿಮಗೆ ತೊಂದರೆಯಾಗಿದೆಯೇ? ಠೇವಣಿ ಕಟ್ಟಿ ಹೆಸರು ಬರೆಸಿದರೆ ನಿಲ್ಲಿಸುತ್ತೇವೆ."

"ಸರಿಯಾಗಿ ಕೇಳಸವಲ್ದುರಿ ಸಾಹೇಬ್ರ, ಇನ್ನೊಮ್ಮಿ ಹೇಳ್ರಿ" ಎಂದಳು ಕೊಟ್ರಬಸಮ್ಮ. ಮಂದ ಹೆಂಗಸು ಎಂದುಕೊಂಡು ಅವನು ಇನ್ನೊಮ್ಮೆ ನಿಧಾನವಾಗಿ ಹೇಳಿದ. "ಪುಣ್ಯಾ ಬರ್ತೈತ್ರಿ ನಿಮಗ. ಫೋನ್ ಬಾರಿಸಿದ್ರ ಎದಿ ಧಸಕ್ ಅಂತೈತಿ. ನಾಳಿ ಮನಿಗೇ ಬರ್ರಿ, ರೊಕ್ಕ ತಗದಿಟ್ಟಿರ್ತೀನಿ."

ಮರುದಿನ ಇಸ್ತ್ರಿ ಅಂಗಿ ತೊಟ್ಟು, ಮಾಡಿಸಿಟ್ಟಿದ್ದ ರಬ್ಬರ್ ಮೊಹರು ಹಿಡಿದು ಹೋದ. ಅವಳು ಅವನ ಮುಖ ಎಂದೂ ನೋಡಿದವಳಲ್ಲ. ಕೂರಿಸಿ ಒಗ್ಗರಣೆ ಮಂಡಕ್ಕಿ ಕೊಟ್ಟಳು. ಬನಿಯನ್ನಿನಲ್ಲಿ ಕುಳಿತಿದ್ದ ಗಂಡಸನ್ನು ತೋರಿಸಿ, "ನನ್ನ ತಮ್ಮ ಉಚ್ಚೆಂಗೆಪ್ಪ" ಎಂದಳು. ಇಷ್ಟು ಸುಲಭವೇ ಎಂದು ಗವಿಸಿದ್ದಪ್ಪನಿಗೆ ನಗು ಬಂತು.

"ಒಂದು ಮಾತು ಕೇಳ್ತೀನ್ರಿ ಸಾಹೇಬ್ರ," ಎಂದಳು ಕೊಟ್ರಬಸಮ್ಮ. "ಎಣ್ಣಿ ಮಾರಾವ ಫೋನ್ ಮಾಡಿದಾಗ ಹಿಂದ ರೊಟ್ಟಿ ಬಡಿಯೋ ಸಪ್ಪಳ ಇತ್ತು. ಸೀರಿ ಮಾರಾವ ಮಾಡಿದಾಗೂ ಇತ್ತು. ನಿನ್ನಿ ನೀವು ಮಾಡಿದಾಗೂ ಇತ್ತು. ನಿಮ್ಮ ಕಚೇರ್ಯಾಗ ರೊಟ್ಟಿ ಬಡಿಯೋರು ಯಾರ್ರಿ?" ಉಚ್ಚೆಂಗೆಪ್ಪ ಎದ್ದು, ಬಾಗಿಲ ಹಿಂದಿನ ಗೂಟದಿಂದ ಖಾಕಿ ಅಂಗಿ ತೆಗೆದು ಸಾವಕಾಶ ಗುಂಡಿ ಹಾಕಿಕೊಳ್ಳತೊಡಗಿದ. ಆರು ವರ್ಷ ಗೋಡೆಯಾಚೆ ಬೆಳಗಿನಿಂದ ಸಂಜೆತನಕ ಬಡಿದ ಆ ಸಪ್ಪಳ ಗವಿಸಿದ್ದಪ್ಪನ ಕಿವಿಗೆ ಬಿದ್ದದ್ದು ಆಗಲೇ, ಗಾಂಧಿನಗರದ ಆ ಮನೆಯಲ್ಲಿ, ಬಾಯಿತುಂಬ ಮಂಡಕ್ಕಿ ಇಟ್ಟುಕೊಂಡು ಕುಳಿತಾಗ.