ಕಟ್ಟಕಡೆಯ ಮೆಟ್ಟಿಲಲ್ಲಿ ಕೂತ ಊರು

ಬಹಳ ಹಿಂದೆ, ದಾರಿ ತಪ್ಪಿದವರಿಗಷ್ಟೇ ಸಿಗುತ್ತಿದ್ದ ಒಂದು ರಾಜ್ಯವಿತ್ತು. ಸಾಣೆ ಹಿಡಿಯುವ ಸೋಮಲಿಂಗ ಊರೂರು ಅಲೆದು, ಅಲ್ಲಿದ್ದ ಅಕ್ಕ ಚೆನ್ನಾಜಿಯನ್ನು ನೋಡೋಣವೆಂದು ಬೇಕೆಂದೇ ದಾರಿ ತಪ್ಪಿ ಬಂದ. ಮನೆ ಖಾಲಿ. ಬೀದಿ ಖಾಲಿ. ಊರ ನಡುವಿನ ಮೆಟ್ಟಿಲುಬಾವಿಯಿಂದ ಚಳಿ ಏಳುತ್ತಿತ್ತು.

ಇಳಿದು ನೋಡಿದ. ಹೆಪ್ಪುರಾಯನೆಂಬ ಮಂತ್ರವಾದಿ ಊರಿಗೆ ಊರನ್ನೇ ತಣ್ಣಗೆ ಮಾಡಿ ಕಟ್ಟಕಡೆಯ ಮೆಟ್ಟಿಲಲ್ಲಿ ಕೂರಿಸಿದ್ದ. ಒಂದೇ ಮೆಟ್ಟಿಲು, ಆದರೂ ಎಲ್ಲರೂ ಅದರಲ್ಲೇ ಹಿಡಿಸಿದ್ದರು. ಎಲ್ಲರಿಗೂ ಒಂದೇ ಮುಖ.

"ನಮ್ಮಕ್ಕನ್ನ ಬಿಡಯ್ಯ," ಎಂದ ಸೋಮಲಿಂಗ, ಪಕ್ಕದಲ್ಲೇ ನಿಂತಿದ್ದ ಹೆಪ್ಪುರಾಯನಿಗೆ.

"ಯಾವಳು ಅಂತ ತೋರಿಸು, ಬಿಡ್ತೀನಿ. ಮೂರು ಸಲ ನೋಡು. ಆಗದಿದ್ದರೆ ನೀನೂ ಇಲ್ಲೇ ಕೂರು. ಕೂತವರು ಹೆಚ್ಚಿದಷ್ಟೂ ಈ ಮೆಟ್ಟಿಲಿಗೆ ಸೆಳೆತ ಜಾಸ್ತಿ."

ನಿಜ, ಸೋಮಲಿಂಗನ ಕಾಲು ಆಗಲೇ ಕೆಳಕ್ಕೆ ಜಾರುತ್ತಿತ್ತು.

ಯಾರ ಮನೆಯ ಕುಡುಗೋಲು ಯಾವುದೆಂದು ಮರೆಯದಿರಲು ಅವನು ಹಿಡಿಗೆ ಸುಣ್ಣದ ಬೊಟ್ಟು ಇಡುತ್ತಿದ್ದ. ಹಾಗೇ ಒಂದು ಹಣೆಗೆ ಬೊಟ್ಟಿಟ್ಟ. ಕಣ್ಣು ಮಿಟುಕಿಸುವಷ್ಟರಲ್ಲಿ ಎಲ್ಲ ಹಣೆಯಲ್ಲೂ ಬೊಟ್ಟು!

ಎರಡನೆಯ ಸಲ "ಅಕ್ಕಾ" ಎಂದು ಕೂಗಿದ. "ಏನೋ ತಮ್ಮಾ?" ಎಂದಿತು ಇಡೀ ಮೆಟ್ಟಿಲು.

ಬಾಯಾರಿ ಬಾವಿಯ ನೀರನ್ನು ಚೊಂಬಿಗೆ ತುಂಬಿಟ್ಟ. ನೀರು ತಾನಾಗಿ ಅಂಚು ಹತ್ತಿ, ಹೊರಗಿಳಿದು ಬಾವಿಗೇ ಹೋಯಿತು. ಸೋಮಲಿಂಗನಿಗೆ ತಲೆ ಕೆಟ್ಟುಹೋಯಿತು. ತಲೆ ಕೆಟ್ಟಾಗ ಅವನಿಗೆ ಗೊತ್ತಿದ್ದುದು ಒಂದೇ. ಸಾಣೆಚಕ್ರ ಇಳಿಸಿ ಕತ್ತಿ ಮಸೆಯತೊಡಗಿದ.

ಕಿಡಿ ಹಾರಿತು. ಅದರ ಬಿಸಿ ತಾಗಿ ಒಬ್ಬರು ಎದ್ದು ಒಂದು ಮೆಟ್ಟಿಲು ಹತ್ತಿದರು, ಮತ್ತೆ ಜಾರಿದರು. ಬೇರೊಬ್ಬರು ಹತ್ತಿದರು. ಬೇರೊಬ್ಬರೋ, ಮೊದಲಿನವರೋ, ತಿಳಿಯಲಿಲ್ಲ.

"ಮೂರನೆಯ ಸಲ! ಯಾವಳು ಹೇಳು!" ಹೆಪ್ಪುರಾಯ ಗುಡುಗಿದ.

"ನಂಗೊತ್ತಿಲ್ಲ ಮಾರಾಯಾ. ಎಲ್ಲರನ್ನೂ ಬಿಟ್ಟುಬಿಡು!" ಎನ್ನುತ್ತಲೇ ಚಕ್ರವನ್ನು ಇನ್ನೂ ಜೋರಾಗಿ ತುಳಿದ.

ಬಾವಿ ಬೆಚ್ಚಗಾಯಿತು. ಹತ್ತು ಜನ ಹತ್ತಿದರು, ನೂರು ಜನ ಹತ್ತಿದರು. ಕೆಳಗಿನ ಮೆಟ್ಟಿಲ ಸೆಳೆತ ಸಡಿಲಿತು. ಮೂಗು, ಮೀಸೆ, ಬೊಕ್ಕತಲೆ ಬೇರೆ ಬೇರೆಯಾದವು. "ಕಾಲು ತುಳೀಬೇಡ್ರೀ!" ಎಂಬ ಜಗಳವೂ ಹುಟ್ಟಿತು. ಹೆಪ್ಪುರಾಯ ಬೆಣ್ಣೆಯಂತೆ ಕರಗಿ ನೀರಾದ.

ಗುಂಪಿನಿಂದ ಒಬ್ಬಳು ಬಂದು ಅವನ ಕಿವಿ ಹಿಂಡಿದಳು. "ಲೋ, ಕತ್ತಿ ಸವೆದು ಸೂಜಿಯಾಯ್ತಲ್ಲೋ!"

"ಅಕ್ಕಾ! ಕೆಳಗೆ ಕೂತಿದ್ದವಳು ನೀನೇನಾ?"

"ಕೆಳಗೆ ನಾನು ಅನ್ನೋದೇ ಇರಲಿಲ್ಲ ಕಣೋ. ಅವಳೇ ಇವಳಾ ಅಂದ್ರೆ ಏನು ಹೇಳಲಿ? ಹಸಿದಿದ್ದೀಯಾ?"

"ಹೂಂ."

"ಹಾಗಾದ್ರೆ ನಾನೇ. ನಡಿ."

ಅಂದಿನಿಂದ ಆ ರಾಜ್ಯದವರು ಎಲ್ಲ ಮೆಟ್ಟಿಲುಗಳಲ್ಲೂ ಹರಡಿ ಕೂತು, ಜಗಳವಾಡುತ್ತ, ಸುಖವಾಗಿ ಬಾಳಿದರು. ಸೋಮಲಿಂಗನೂ ಉಂಡ, ಮಲಗಿದ, ಮತ್ತೆ ಚಕ್ರ ಹೊತ್ತು ಹೊರಟ. ಮೇಲೆ ಹತ್ತಿ ಬಂದವಳು ಹಿಂದಿನ ಅಕ್ಕನೇ ಹೌದೋ ಅಲ್ಲವೋ, ಅವನಿಗೆ ಇವತ್ತಿಗೂ ಗೊತ್ತಿಲ್ಲ. ಹೋದಾಗಲೆಲ್ಲ ಊಟ ಮಾತ್ರ ಬಿಸಿಯಾಗಿರುತ್ತದೆ.